ಐನೋಡ್ ನಂಬರ್ ಕೈಯಲ್ಲಿದೆ, ಫೈಲಿನ ಹೆಸರು ಬೇಕು: ಫೈಂಡ್ ಸಾಕೇ, ಎನ್‌ಚೆಕ್ ಬೇಕೇ?

ಮರಳಿಗೂಡು (ಪ್ರಶ್ನೆ)

ನಮ್ಮ ಬ್ಯಾಕಪ್ ಡಿಸ್ಕಿನಲ್ಲಿ ಒಂದು ಸೆಕ್ಟರ್ ಕೆಟ್ಟಿದೆ. ಕರ್ನಲ್ ಲಾಗಿನಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿದೆ: ಡಿಸ್ಕ್ ಎಸ್‌ಡಿಬಿ, ಸೆಕ್ಟರ್ 88805376, ಮೀಡಿಯಂ ಎರರ್. ಇರುವುದು ಒಂದೇ ಪಾರ್ಟಿಷನ್, ಎಸ್‌ಡಿಬಿ1. ಅದು 2048ನೇ ಸೆಕ್ಟರಿನಿಂದ ಶುರುವಾಗುತ್ತದೆ. ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಲಿನಕ್ಸಿನ ಇಎಕ್ಸ್‌ಟಿ4, ಬ್ಲಾಕ್ ಗಾತ್ರ 4096 ಬೈಟ್.

ಹೊಸ ಡಿಸ್ಕ್ ಬಂದಿದೆ. ಎಲ್ಲವನ್ನೂ ಅದಕ್ಕೆ ಎತ್ತಿಡುವ ಮೊದಲು ಪೆಟ್ಟು ಬಿದ್ದಿರುವುದು ಯಾವ ಫೈಲಿಗೆ ಎಂದು ಗೊತ್ತಾಗಲೇಬೇಕು. ಬ್ಯಾಕಪ್ ಇದೆ ಅಂತ ನಂಬಿಕೊಂಡು ಕೂತವರಿಗೆ ಅದರೊಳಗೆ ಯಾವುದು ಇಲ್ಲ ಅನ್ನುವುದೇ ಮುಖ್ಯವಲ್ಲವೇ.

ಸೆಕ್ಟರ್ ಲೆಕ್ಕದಿಂದ ಬ್ಲಾಕ್ ನಂಬರ್ 11100416 ಅಂತ ತೆಗೆದೆ. ಫೈಲ್ ಸಿಸ್ಟಮಿನ ಒಳಗನ್ನು ತೋರಿಸುವ ಡೀಬಗ್‌ಎಫ್‌ಎಸ್‌ಗೆ ಐಚೆಕ್ (ಬ್ಲಾಕ್ ಕೊಟ್ಟರೆ ಐನೋಡ್ ಹೇಳುವ ಕಮಾಂಡ್) ಕೊಟ್ಟಾಗ ಐನೋಡ್, ಅಂದರೆ ಫೈಲಿನ ದಾಖಲೆಯ ಸಂಖ್ಯೆ, 2752614 ಅಂದಿತು. ಹೆಸರಿಗಾಗಿ ಇದನ್ನು ಓಡಿಸಿದೆ:

ಫೈಂಡ್ / -ಐನಮ್ 2752614

ಬೆಳಗ್ಗೆ ಕೊಟ್ಟದ್ದು ಸಂಜೆಯಾದರೂ ಮುಗಿದಿಲ್ಲ. ನಡುವೆ ಒಂದು ಹೆಸರು ತೋರಿಸಿತು, ನೋಡಿದರೆ ಅದು ಬೇರೆ ಡಿಸ್ಕಿನದು. ಹೆಸರು ಕೊಟ್ಟರೆ ಸ್ಟ್ಯಾಟ್ ಕಣ್ಣು ಮಿಟುಕಿಸುವಷ್ಟರಲ್ಲಿ ನಂಬರ್ ಹೇಳುತ್ತದೆ. ನಂಬರ್ ಕೊಟ್ಟು ಹೆಸರು ಕೇಳಿದರೆ ಯಾಕಿಷ್ಟು ಒದ್ದಾಟ?

ಬೇರುಬಳ್ಳಿ

ನಿಮ್ಮ ಲೆಕ್ಕ ಸರಿಯಿದೆ. 88805376ರಲ್ಲಿ 2048 ಕಳೆದರೆ 88803328. ಒಂದು ಬ್ಲಾಕಿಗೆ 512 ಬೈಟಿನ 8 ಸೆಕ್ಟರ್, ಹಾಗಾಗಿ 8ರಿಂದ ಭಾಗಿಸಿದರೆ 11100416. ಇಲ್ಲಿಯವರೆಗೆ ದಾರಿ ತಪ್ಪಿಲ್ಲ.

ಒದ್ದಾಟ ಯಾಕೆ ಅಂದರೆ, ಐನೋಡಿನ ಒಳಗೆ ಹೆಸರು ಇರುವುದೇ ಇಲ್ಲ. ಯಾರದ್ದು, ಯಾವ ಅನುಮತಿ, ಎಷ್ಟು ದೊಡ್ಡದು, ಯಾವಾಗ ಬದಲಾಯಿತು, ಡೇಟಾ ಯಾವ ಬ್ಲಾಕುಗಳಲ್ಲಿದೆ, ಎಷ್ಟು ಹೆಸರುಗಳಿವೆ, ಇಷ್ಟೆಲ್ಲ ಅದರಲ್ಲಿದೆ. ಹೆಸರುಗಳ ಎಣಿಕೆ ಇದೆ, ಹೆಸರುಗಳಿಲ್ಲ! ಹೆಸರು ಇರುವುದು ಡೈರೆಕ್ಟರಿಯಲ್ಲಿ. ಡೈರೆಕ್ಟರಿ ಅನ್ನುವುದು "ಈ ಹೆಸರಿಗೆ ಈ ನಂಬರ್" ಎಂಬ ಪಟ್ಟಿ. ಹೆಸರಿನಿಂದ ನಂಬರಿಗೆ ಹೋಗಲು ಒಂದು ಪಟ್ಟಿ ತೆರೆದರೆ ಸಾಕು. ನಂಬರಿನಿಂದ ಹೆಸರಿಗೆ ಬರಲು ಡಿಸ್ಕಿನಲ್ಲಿರುವ ಪಟ್ಟಿಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಬೇಕು. ಇಎಕ್ಸ್‌ಟಿ4ರಲ್ಲಿ ಇದಕ್ಕೆ ಅಡ್ಡದಾರಿ ಇಲ್ಲ.

ಈ ವ್ಯವಸ್ಥೆ ಹೊಸದಲ್ಲ. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಡೈರೆಕ್ಟರಿಯ ಒಂದೊಂದು ನಮೂದು ಸರಿಯಾಗಿ 16 ಬೈಟ್: 2 ಬೈಟ್ ಐನೋಡ್ ನಂಬರ್, 14 ಬೈಟ್ ಹೆಸರು. ಆ ಆವೃತ್ತಿಯಲ್ಲೇ ಐಚೆಕ್, ಡಿಚೆಕ್, ಎನ್‌ಚೆಕ್ ಎಂಬ ಮೂರು ಕಮಾಂಡುಗಳಿದ್ದವು. ಎನ್‌ಚೆಕ್‌ನ ಕೆಲಸ ನೀವು ಕೇಳಿದ್ದೇ, ನಂಬರ್ ಕೊಟ್ಟರೆ ಹೆಸರು. ಇಂದು ಡೀಬಗ್‌ಎಫ್‌ಎಸ್ ಒಳಗೆ ಐಚೆಕ್, ಎನ್‌ಚೆಕ್ ಅದೇ ಹೆಸರಿನಲ್ಲಿ ಉಳಿದಿವೆ. ನೀವು ಮೊದಲನೆಯದನ್ನು ಬಳಸಿ ಎರಡನೆಯದನ್ನು ಬಿಟ್ಟಿದ್ದೀರಿ. ಫೈಂಡ್ ನಿಲ್ಲಿಸಿ ಇದನ್ನು ಕೊಡಿ:

ಸುಡೊ ಡೀಬಗ್‌ಎಫ್‌ಎಸ್ -ಆರ್ 'ಎನ್‌ಚೆಕ್ 2752614' /ಡೆವ್/ಎಸ್‌ಡಿಬಿ1

ಇದು ಡಿಸ್ಕನ್ನು ನೇರವಾಗಿ ಓದುತ್ತದೆ. ಐನೋಡಿನಲ್ಲಿ ಬರೆದಿರುವ ಲಿಂಕ್ ಎಣಿಕೆ ನೋಡಿಕೊಂಡು, ಅಷ್ಟು ಹೆಸರು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುತ್ತದೆ. ಫೈಂಡ್‌ಗೆ ಆ ತಿಳಿವಳಿಕೆ ಇಲ್ಲ, ಮೊದಲ ಹೆಸರು ಸಿಕ್ಕರೂ ಕೊನೆಯ ಡೈರೆಕ್ಟರಿಯವರೆಗೆ ಹೋಗಿಯೇ ತೀರುತ್ತದೆ.

ತೆರೆದಕಣ್ಣು

ಫೈಂಡ್ ಪರವಾಗಿ ನಾನು ಮಾತಾಡುತ್ತೇನೆ. ಅದು ಯಾವ ಫೈಲ್ ಸಿಸ್ಟಮ್ ಮೇಲಾದರೂ ಓಡುತ್ತದೆ, ಏನನ್ನೂ ಕೆಡಿಸುವುದಿಲ್ಲ. ಮರಳಿಗೂಡು ಅವರು -ಎಕ್ಸ್‌ಡೆವ್ (ಬೇರೆ ಫೈಲ್ ಸಿಸ್ಟಮಿಗೆ ದಾಟಬೇಡ ಎನ್ನುವ ಆಯ್ಕೆ) ಹಾಕಿಲ್ಲ, ಅಷ್ಟೇ. ಐನೋಡ್ ನಂಬರ್ ಒಂದು ಫೈಲ್ ಸಿಸ್ಟಮ್ ಒಳಗೆ ಮಾತ್ರ ವಿಶಿಷ್ಟ. ಪಕ್ಕದ ಡಿಸ್ಕಿನಲ್ಲೂ 2752614 ಇರಬಹುದು, ಇತ್ತು ಕೂಡ, ಅದಕ್ಕೇ ಬೇರೆ ಡಿಸ್ಕಿನ ಹೆಸರು ಬಂತು. ಡಿಸ್ಕ್ ಮೌಂಟ್ ಆದ, ಅಂದರೆ ಡೈರೆಕ್ಟರಿ ಮರಕ್ಕೆ ಜೋಡಿಸಿದ, ಜಾಗದಿಂದಲೇ ಶುರುಮಾಡಿ:

ಸುಡೊ ಫೈಂಡ್ /ಬ್ಯಾಕಪ್ -ಎಕ್ಸ್‌ಡೆವ್ -ಐನಮ್ 2752614

ಒಂದೇ ಹೆಸರು ಸಾಕೆನ್ನುವವರು ಕೊನೆಗೆ -ಪ್ರಿಂಟ್ -ಕ್ವಿಟ್ ಸೇರಿಸಿದರೆ ಗ್ನೂ ಫೈಂಡ್ ಅಲ್ಲಿಗೇ ನಿಲ್ಲುತ್ತದೆ.

ಡೀಬಗ್‌ಎಫ್‌ಎಸ್ ಬಗ್ಗೆ ನನ್ನ ಹಿಂಜರಿಕೆ ಬೇರೆ. ಮೌಂಟ್ ಆಗಿರುವ ಡಿಸ್ಕಿನ ಮೇಲೆ, ಅದೂ ರೂಟ್ ಆಗಿ ಅದನ್ನು ತೆರೆಯಿರಿ ಎಂದು ಹೊಸಬರಿಗೆ ಹೇಳಬಹುದೇ?

ಬೇರುಬಳ್ಳಿ

ಹೇಳಬಹುದು. -ಡಬ್ಲ್ಯೂ ಕೊಡದೆ ತೆರೆದರೆ ಅದು ಓದಲು ಮಾತ್ರ, ಬರೆಯುವ ಬಾಗಿಲೇ ಮುಚ್ಚಿರುತ್ತದೆ. ಆ ಆಯ್ಕೆಯನ್ನು ಮೌಂಟ್ ಆದ ಡಿಸ್ಕಿನ ಮೇಲೆ ಯಾರೂ ಯಾವ ಕಾರಣಕ್ಕೂ ಕೊಡಬಾರದು, ಇದರಲ್ಲಿ ಎರಡು ಮಾತಿಲ್ಲ. ಓದುವಾಗ ಇರುವ ಮಿತಿ ಒಂದೇ: ಈಗಷ್ಟೇ ಆದ ಬದಲಾವಣೆ ಡಿಸ್ಕಿಗೆ ಇಳಿದಿರದಿದ್ದರೆ ಅದಕ್ಕೆ ಕಾಣದೆ ಹೋಗಬಹುದು. ಮೊದಲು ಸಿಂಕ್ ಕೊಡಿ, ಆಗದಿದ್ದರೆ ಅನ್‌ಮೌಂಟ್ ಮಾಡಿ. ಬ್ಯಾಕಪ್ ಡಿಸ್ಕ್ ತಾನೆ, ಸ್ವಲ್ಪ ಹೊತ್ತು ಇಳಿಸಿಟ್ಟರೆ ನಷ್ಟವಿಲ್ಲ.

ಫೈಂಡ್‌ಗೆ ಕಾಣದ್ದು ಎನ್‌ಚೆಕ್‌ಗೆ ಕಾಣುವ ಸಂದರ್ಭ ಒಂದಿದೆ, ಇದನ್ನು ತಿಳಿದಿರುವವರು ಕಡಿಮೆ. /ಡೇಟಾ ಎಂಬ ಡೈರೆಕ್ಟರಿಯಲ್ಲಿ ಫೈಲುಗಳಿದ್ದವು ಅಂದುಕೊಳ್ಳಿ. ಆಮೇಲೆ ಅದೇ ಜಾಗಕ್ಕೆ ಬೇರೊಂದು ಡಿಸ್ಕ್ ಮೌಂಟ್ ಮಾಡಿದಿರಿ. ಕೆಳಗಿನ ಫೈಲುಗಳು ಎಲ್ಲೂ ಹೋಗಿಲ್ಲ, ಜಾಗವನ್ನೂ ತಿನ್ನುತ್ತಿವೆ, ಆದರೆ ಮೇಲಿನ ಮೌಂಟ್ ಅವನ್ನು ಮುಚ್ಚಿದೆ. ಫೈಂಡ್ ಎಷ್ಟು ತಿರುಗಿದರೂ ಅಲ್ಲಿಗೆ ತಲುಪುವುದಿಲ್ಲ. ಎನ್‌ಚೆಕ್ ಮೌಂಟ್‌ಗಳನ್ನು ನೋಡುವುದೇ ಇಲ್ಲ, ಆದ್ದರಿಂದ ಹೆಸರು ಹೇಳಿಬಿಡುತ್ತದೆ. ಫೈಂಡ್‌ನಲ್ಲೇ ಮಾಡಬೇಕೆಂದರೆ ಬೇರು ಫೈಲ್ ಸಿಸ್ಟಮನ್ನು ಖಾಲಿ ಡೈರೆಕ್ಟರಿಯೊಂದಕ್ಕೆ ಬೈಂಡ್ ಮೌಂಟ್ ಮಾಡಿ, ಅಲ್ಲಿ ಹುಡುಕಬೇಕು.

ತೆರೆದಕಣ್ಣು

ಮೌಂಟ್ ಕೆಳಗೆ ಮುಚ್ಚಿಹೋದ ಫೈಲುಗಳ ವಿಚಾರ ಒಪ್ಪಿದೆ. ಡಿಸ್ಕ್ ತುಂಬಿದೆ ಎಂದು ಡಿಎಫ್ (ಡಿಸ್ಕಿನ ಒಟ್ಟು ಬಳಕೆ ಹೇಳುವ ಕಮಾಂಡ್) ಹೇಳುವುದು, ಡಿಯು (ಫೈಲುಗಳ ಗಾತ್ರ ಹೇಳುವ ಕಮಾಂಡ್) ಕೂಡಿಸಿದರೆ ಅರ್ಧವೂ ಬಾರದಿರುವುದು, ಇದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ, ಅಳಿಸಿದ ಮೇಲೂ ಯಾವುದೋ ಪ್ರೋಸೆಸ್ ತೆರೆದಿಟ್ಟುಕೊಂಡಿರುವ ಫೈಲ್. ಅದಕ್ಕೆ ಐನೋಡ್ ನಂಬರ್ ಇರುತ್ತದೆ, ಲಿಂಕ್ ಎಣಿಕೆ ಸೊನ್ನೆ. ಯಾವ ಡೈರೆಕ್ಟರಿಯಲ್ಲೂ ಹೆಸರಿಲ್ಲ, ಆದ್ದರಿಂದ ಫೈಂಡೂ ಹೇಳದು, ಎನ್‌ಚೆಕ್ಕೂ ಹೇಳದು. ಅಲ್ಲಿ ಎಲ್‌ಎಸ್‌ಒಎಫ್ +ಎಲ್1 ಕೊಡಿ. ಯಾವ ಪ್ರೋಸೆಸ್ ಹಿಡಿದಿದೆ, ಅಳಿಸುವ ಮುಂಚೆ ಯಾವ ಹೆಸರಿತ್ತು ಎರಡೂ ಬರುತ್ತವೆ.

ಬಿಳಿಹಾಳೆ

ಇಎಕ್ಸ್‌ಟಿ4 ಅಲ್ಲದವರೂ ಮುಂದೆ ಈ ಪುಟಕ್ಕೆ ಬರುತ್ತಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ಈ ಪ್ರಶ್ನೆಯನ್ನು ಮೊದಲೇ ಯೋಚಿಸಿಟ್ಟಿದೆ. ಪ್ರತಿ ಐನೋಡಿಗೂ "ನನ್ನ ತಾಯಿ ಡೈರೆಕ್ಟರಿ ಇದು, ಅಲ್ಲಿ ನನ್ನ ಹೆಸರು ಇದು" ಎಂಬ ಹಿಮ್ಮುಖ ಉಲ್ಲೇಖ ಜೊತೆಗೇ ಇರುತ್ತದೆ. ಅದಕ್ಕೇ ಈ ಕಮಾಂಡ್ ಇಡೀ ಡಿಸ್ಕ್ ಜಾಲಾಡದೆ ಉತ್ತರ ಕೊಡುತ್ತದೆ:

ಬಿಟಿಆರ್‌ಎಫ್‌ಎಸ್ ಇನ್‌ಸ್ಪೆಕ್ಟ್-ಇಂಟರ್ನಲ್ ಐನೋಡ್-ರಿಸಾಲ್ವ್ 257 /ಎಂಎನ್‌ಟಿ

ಆದರೆ ಇಲ್ಲಿ ಎಡವುವ ಜಾಗವೂ ಇದೆ. ಐನೋಡ್ ನಂಬರ್ ಇಡೀ ಫೈಲ್ ಸಿಸ್ಟಮ್‌ಗಲ್ಲ, ಒಂದೊಂದು ಸಬ್‌ವಾಲ್ಯೂಮ್‌ಗೆ (ಅದರೊಳಗಿನ ಪ್ರತ್ಯೇಕ ಫೈಲ್ ಮರ). ಪ್ರತಿ ಸಬ್‌ವಾಲ್ಯೂಮಿನ ಬೇರು ಡೈರೆಕ್ಟರಿಯೂ 256. ಚೆಕ್‌ಸಮ್ ತಪ್ಪಿದಾಗ ಕರ್ನಲ್ ಬರೆಯುವ ಸಾಲಿನಲ್ಲಿ "ರೂಟ್ 5 ಐನೋ 257" ಎಂಬಂತೆ ಎರಡು ಅಂಕಿ ಇರುತ್ತವೆ, ರೂಟ್ ಅಂದರೆ ಸಬ್‌ವಾಲ್ಯೂಮಿನ ಗುರುತು. ಐನೋ ಮಾತ್ರ ನೋಡಿ ರೂಟ್ ಬಿಟ್ಟರೆ ಬೇರೆ ಯಾವುದೋ ಸ್ನ್ಯಾಪ್‌ಶಾಟಿನ ಫೈಲಿಗೆ ಹೋಗಿ ಮುಟ್ಟುತ್ತೀರಿ. ಮೊದಲು ಸಬ್‌ವಾಲ್‌ಐಡಿ-ರಿಸಾಲ್ವ್, ಆಮೇಲೆ ಐನೋಡ್-ರಿಸಾಲ್ವ್.

ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮಿನಲ್ಲಿ ಎಕ್ಸ್‌ಎಫ್‌ಎಸ್_ಎನ್‌ಚೆಕ್ ಇದೆ. ಒಳಗೆ ಅದು ಎಕ್ಸ್‌ಎಫ್‌ಎಸ್_ಡಿಬಿಯನ್ನು ಓಡಿಸುತ್ತದೆ. ದೊಡ್ಡ ಡಿಸ್ಕಾದರೆ ಮೆಮೊರಿ ಚೆನ್ನಾಗಿ ನುಂಗುತ್ತದೆ, ಅನ್‌ಮೌಂಟ್ ಮಾಡಿ ಓಡಿಸುವುದು ಲೇಸು. 2024ರಲ್ಲಿ ಬಂದ ಲಿನಕ್ಸ್ 6.10ರಿಂದ ಎಕ್ಸ್‌ಎಫ್‌ಎಸ್‌ಗೂ ಪೇರೆಂಟ್ ಪಾಯಿಂಟರ್ (ತಾಯಿ ಡೈರೆಕ್ಟರಿ ತೋರಿಸುವ ಹಿಮ್ಮುಖ ಉಲ್ಲೇಖ) ಸೇರಿದೆ. ಫೈಲ್ ಸಿಸ್ಟಮ್ ರಚಿಸುವಾಗಲೇ ಆ ಸೌಲಭ್ಯ ಇಟ್ಟಿದ್ದರೆ ಎಕ್ಸ್‌ಎಫ್‌ಎಸ್_ಐಒದ ಪೇರೆಂಟ್ ಕಮಾಂಡ್ ದಾರಿ ಹೇಳುತ್ತದೆ. ಮುಂದೆ ಹೊಸ ಡಿಸ್ಕ್ ಸಿದ್ಧಮಾಡುವವರು ಇದನ್ನು ಗಮನಿಸಿ, ಬೇಕಾಗುವ ದಿನ ಬರುತ್ತದೆ.

ಕಿಟಕಿಬದಿ

ವಿಂಡೋಸಿನವರಿಗೆ: ಅಲ್ಲಿಯ ಫೈಲ್ ಸಿಸ್ಟಮಾದ ಎನ್‌ಟಿಎಫ್‌ಎಸ್‌ನಲ್ಲಿ ಹೆಸರು ಫೈಲಿನ ದಾಖಲೆಯ ಒಳಗೇ ಇರುತ್ತದೆ, ತಾಯಿ ಡೈರೆಕ್ಟರಿಯ ಗುರುತಿನ ಜೊತೆಗೆ. ಹಾಗಾಗಿ ಹುಡುಕಾಟದ ಗೋಜೇ ಇಲ್ಲ:

ಎಫ್‌ಎಸ್‌ಯುಟಿಲ್ ಫೈಲ್ ಕ್ವೆರಿಫೈಲ್‌ನೇಮ್‌ಬೈಐಡಿ

ಇದರ ಮುಂದೆ ಡ್ರೈವಿನ ಹೆಸರು, ಫೈಲ್ ಐಡಿ ಕೊಟ್ಟರೆ ಪೂರ್ತಿ ಪಾತ್ ಬರುತ್ತದೆ. ಕೆಟ್ಟ ಕ್ಲಸ್ಟರ್ ನಂಬರಿನಿಂದ ಫೈಲ್ ಹುಡುಕಲು ಎಫ್‌ಎಸ್‌ಯುಟಿಲ್ ವಾಲ್ಯೂಮ್ ಕ್ವೆರಿಕ್ಲಸ್ಟರ್. ಐಚೆಕ್, ಎನ್‌ಚೆಕ್ ಎರಡೂ ಸೇರಿ ಒಂದೇ ಕಮಾಂಡ್ ಆದಂತೆ.

ಎನ್‌ಟಿಎಫ್‌ಎಸ್‌ನ ಫೈಲ್ ಐಡಿ 64 ಬಿಟ್‌ಗಳದು. 48 ಬಿಟ್ ದಾಖಲೆಯ ಸ್ಥಾನ, ಉಳಿದ 16 ಬಿಟ್ ಆ ಸ್ಥಾನ ಎಷ್ಟನೇ ಬಾರಿ ಬಳಕೆಯಾಗುತ್ತಿದೆ ಎಂಬ ಕ್ರಮಸಂಖ್ಯೆ. ಹಳೆಯ ಫೈಲ್ ಅಳಿಸಿ ಅದೇ ಜಾಗಕ್ಕೆ ಹೊಸದು ಬಂದಿದ್ದರೆ ಹಳೆಯ ಐಡಿ ಹೊಂದುವುದಿಲ್ಲ. ತಪ್ಪು ಹೆಸರು ಸಿಗುವ ಅಪಾಯ ಅಷ್ಟರ ಮಟ್ಟಿಗೆ ಕಡಿಮೆ.

ಬೇರುಬಳ್ಳಿ

ಕಿಟಕಿಬದಿ ಅವರ ಕೊನೆಯ ಮಾತು ಇಎಕ್ಸ್‌ಟಿ4ರವರಿಗೆ ಎಚ್ಚರಿಕೆಯ ಮಾತು. ಇಲ್ಲೂ ಜನರೇಷನ್ ಎಂಬ ಅಂಕಿ ಐನೋಡಿನೊಳಗೆ ಇದೆ. ಜಾಲದ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್ ಅದನ್ನು ನೋಡಿಯೇ "ಸ್ಟೇಲ್ ಫೈಲ್ ಹ್ಯಾಂಡಲ್" ಅನ್ನುವುದು. ಆದರೆ ಲಾಗಿನಲ್ಲಿ ನಮಗೆ ಸಿಗುವುದು ಬರೀ ಐನೋಡ್ ನಂಬರ್. ಫೈಲ್ ಅಳಿಸಿದ ಸ್ವಲ್ಪ ಹೊತ್ತಿಗೇ ಅದೇ ನಂಬರ್ ಹೊಸ ಫೈಲಿಗೆ ಹೋಗಬಹುದು. ಹಳೆಯ ಲಾಗಿನ ನಂಬರ್ ಹಿಡಿದು ಇಂದು ಹುಡುಕುವವರು ಸಿಕ್ಕ ಫೈಲಿನ ಸೃಷ್ಟಿಯ ಸಮಯವನ್ನು ಲಾಗಿನ ಸಮಯದೊಂದಿಗೆ ತಾಳೆ ನೋಡಲೇಬೇಕು. ಡೀಬಗ್‌ಎಫ್‌ಎಸ್‌ನಲ್ಲಿ ಸ್ಟ್ಯಾಟ್ <2752614> ಎಂದು ಕೊಟ್ಟರೆ ಸಿಆರ್‌ಟೈಮ್ ಎಂಬ ಸಾಲಿನಲ್ಲಿ ಅದು ಇದೆ. ಸುತ್ತಲಿನ ಆ ಚೂಪು ಆವರಣ ಬಿಡಬೇಡಿ, ಬಿಟ್ಟರೆ ಅದನ್ನು ಫೈಲಿನ ಹೆಸರೆಂದು ತಿಳಿಯುತ್ತದೆ.

ಗಣಕಗೂಡು

ನೂರಾರು ಯಂತ್ರಗಳಿಗೆ ಹರಡಿದ ಲಸ್ಟರ್ ಫೈಲ್ ಸಿಸ್ಟಮಿನಲ್ಲಿ ನಮಗೆ ಇದು ದಿನನಿತ್ಯದ ಕೆಲಸ. ಅಲ್ಲಿ ಐನೋಡ್ ಬದಲು ಎಫ್‌ಐಡಿ, ಮೂರು ತುಂಡಿನ ಗುರುತು: ಸೀಕ್ವೆನ್ಸ್, ಆಬ್ಜೆಕ್ಟ್, ವರ್ಷನ್. ಚೇಂಜ್‌ಲಾಗಿನಲ್ಲೂ ಸರ್ವರಿನ ದೂರುಗಳಲ್ಲೂ ಬರುವುದು ಅದೇ. ಎಲ್‌ಎಫ್‌ಎಸ್ ಎಫ್‌ಐಡಿ2ಪಾತ್ ಕೊಟ್ಟರೆ ಪಾತ್ ಬರುತ್ತದೆ, ತಿರುಗಿ ಹೋಗಲು ಪಾತ್2ಎಫ್‌ಐಡಿ. ಪ್ರತಿ ಫೈಲಿನ ಜೊತೆ ತಾಯಿಯ ಗುರುತೂ ಹೆಸರೂ ವಿಸ್ತೃತ ಗುಣವಾಗಿ ಕೂತಿರುವುದರಿಂದ ಇದು ಸಾಧ್ಯ. ಕೋಟಿಗಟ್ಟಲೆ ಫೈಲುಗಳ ನಡುವೆ ಫೈಂಡ್ ಓಡಿಸುವುದಾಗಿದ್ದರೆ ಮೆಟಾಡೇಟಾ ಸರ್ವರ್ ಉಳಿದವರಿಗೆ ಸಿಗುತ್ತಲೇ ಇರಲಿಲ್ಲ.

ಮರಳಿಗೂಡು

ಎಲ್ಲರಿಗೂ ಧನ್ಯವಾದ. ಅನ್‌ಮೌಂಟ್ ಮಾಡಿ ಎನ್‌ಚೆಕ್ ಕೊಟ್ಟೆ, ಉತ್ತರ ಬಂತು. ಆದರೆ ಒಂದಲ್ಲ, 31 ಹೆಸರು! ಎಲ್ಲವೂ ಒಂದೇ ಫೈಲ್, ದಿನದ ಹೆಸರಿನ ಬೇರೆ ಬೇರೆ ಡೈರೆಕ್ಟರಿಗಳಲ್ಲಿ. ಸ್ಟ್ಯಾಟ್ ನೋಡಿದರೂ ಲಿಂಕ್ 31. ನಮ್ಮ ಬ್ಯಾಕಪ್ ಸ್ಕ್ರಿಪ್ಟ್ ಆರ್‌ಸಿಂಕ್ ಎಂಬ ಪ್ರತಿ ಮಾಡುವ ಕಮಾಂಡಿನ ಲಿಂಕ್-ಡೆಸ್ಟ್ ಆಯ್ಕೆ ಬಳಸುತ್ತದೆ.

ಇದರ ಅರ್ಥ, 31 ದಿನದ ಪ್ರತಿಯೂ ಕೆಟ್ಟಿದೆ ಅಂತಲೇ?

ಬೇರುಬಳ್ಳಿ

ಹೌದು. 31 ಪ್ರತಿಗಳು ಯಾವತ್ತೂ ಇರಲಿಲ್ಲ. ಇದ್ದದ್ದು ಒಂದೇ ಐನೋಡ್, ಒಂದೇ ಡೇಟಾ, 31 ಹೆಸರು. ಹಿಂದಿನ ದಿನದಿಂದ ಬದಲಾಗದ ಫೈಲಿಗೆ ಲಿಂಕ್-ಡೆಸ್ಟ್ ಹೊಸ ಪ್ರತಿ ಮಾಡುವುದಿಲ್ಲ, ಹಾರ್ಡ್ ಲಿಂಕ್ (ಅದೇ ಐನೋಡಿಗೆ ಇನ್ನೊಂದು ಹೆಸರು) ಮಾತ್ರ ಸೇರಿಸುತ್ತದೆ. ಜಾಗ ಉಳಿಯುವುದು ಅದರಿಂದಲೇ. ಬಳಸುವವರಿಗೆ ಅದು ಒಳ್ಳೆಯ ವಿಧಾನ, ನಾನೂ ಬಳಸುತ್ತೇನೆ. ಆದರೆ ಒಂದು ತಿಂಗಳ ಡೈರೆಕ್ಟರಿಗಳು ಕಣ್ಣೆದುರು ಸಾಲಾಗಿ ನಿಂತಾಗ ಒಂದು ಹೋದರೆ ಇನ್ನೊಂದಿದೆ ಅನ್ನಿಸಿಬಿಡುತ್ತದೆ. ಒಂದು ಸೆಕ್ಟರ್ ಹೋದರೆ ಅಷ್ಟೂ ದಿನಗಳಿಂದ ಆ ಫೈಲ್ ಹೋಯಿತು. ತಪ್ಪಾಗಿ ಅಳಿಸಿದ್ದರಿಂದ, ತಿದ್ದಿ ಕೆಡಿಸಿದ್ದರಿಂದ ಇದು ಕಾಪಾಡುತ್ತದೆ. ಡಿಸ್ಕ್ ಕೆಡುವುದರಿಂದ ಕಾಪಾಡಲು ಇನ್ನೊಂದು ಡಿಸ್ಕೇ ಬೇಕು.

ನಿಮ್ಮ ಫೈಂಡ್ ಯಾಕೆ ಅಷ್ಟು ಹೊತ್ತು ಓಡಿತು ಅನ್ನುವುದಕ್ಕೂ ಇದೇ ಉತ್ತರ. ಬೇರೆ ಡಿಸ್ಕುಗಳ ಜೊತೆಗೆ, ಇಲ್ಲಿರುವ ಪ್ರತಿಯೊಂದು ದಿನದ ಮರವನ್ನೂ ಅದು ಹೊಸದಾಗಿ ನಡೆಯಬೇಕಿತ್ತು.

ಮೂಲ ಯಂತ್ರದಲ್ಲಿ ಆ ಫೈಲ್ ಇನ್ನೂ ಇದೆಯೇ? ಗಾತ್ರ, ಎಂಟೈಮ್ (ಕೊನೆಯ ಸಲ ಬದಲಾದ ಸಮಯ) ಎರಡೂ ಐನೋಡಿನಲ್ಲಿರುವುದಕ್ಕೆ ಹೊಂದುತ್ತವೆಯೇ?

ಮರಳಿಗೂಡು

ಇದೆ, ಎರಡೂ ಹೊಂದುತ್ತವೆ. ಮೂಲದಿಂದ ಪೂರ್ತಿ ಓದಲೂ ಆಯಿತು, ಎರರ್ ಇಲ್ಲ. ಹಾಗಾದರೆ ಬ್ಯಾಕಪ್ ಡಿಸ್ಕಿನ ಯಾವುದಾದರೂ ಒಂದು ಹೆಸರಿನ ಮೇಲೆ ಸಿಪಿ ಮಾಡಿದರೆ ಸಾಕಲ್ಲವೇ? ಸಿಪಿ ಹಳೆಯ ಐನೋಡನ್ನೇ ಬರಿದು ಮಾಡಿ ಮತ್ತೆ ತುಂಬುತ್ತದೆ, 31 ಹೆಸರೂ ಒಟ್ಟಿಗೆ ಸರಿಯಾಗಬೇಕು.

ತೆರೆದಕಣ್ಣು

ಸಿಪಿ ಬಗ್ಗೆ ನೀವು ಹೇಳಿದ್ದು ನಿಜ. ಆರ್‌ಸಿಂಕ್ ಮಾತ್ರ ಹಾಗಲ್ಲ. ಅದು ಸಾಮಾನ್ಯವಾಗಿ ತಾತ್ಕಾಲಿಕ ಫೈಲ್ ಬರೆದು ಹೆಸರು ಬದಲಿಸುತ್ತದೆ, ಆಗ ಆ ಒಂದು ಹೆಸರು ಹೊಸ ಐನೋಡಿಗೆ ಹೋಗಿ ಉಳಿದ 30 ಹಾಳಾದದ್ದಕ್ಕೇ ಅಂಟಿಕೊಂಡಿರುತ್ತವೆ.

ಆದರೂ ಮಾಡಬೇಡಿ. ಸೆಕ್ಟರ್ ಕೆಡಲು ಶುರುವಾದ ಡಿಸ್ಕಿನ ಮೇಲೆ ಈಗ ಬರೆಯುವುದು ಬೇಡವೇ ಬೇಡ. ಹೊಸ ಡಿಸ್ಕ್ ಕೈಯಲ್ಲಿದೆ, ಅಲ್ಲೇ ಸರಿಮಾಡಿ. ಎನ್‌ಚೆಕ್ ಕೊಟ್ಟ 31 ಹೆಸರನ್ನು ಒಂದು ಪಠ್ಯ ಫೈಲಿಗೆ ಹಾಕಿ, ಮುಂದಿನ ಐನೋಡ್ ನಂಬರಿನ ಕಾಲಂ ತೆಗೆದುಹಾಕಿ. ಹಳೆಯದನ್ನು ಓದಲು ಮಾತ್ರ ಮೌಂಟ್ ಮಾಡಿ:

ಆರ್‌ಸಿಂಕ್ -ಎಎಚ್ --ಎಕ್ಸ್‌ಕ್ಲೂಡ್-ಫ್ರಮ್=ಹೆಸರುಗಳು /ಹಳೆ/ /ಹೊಸ/

ಇಲ್ಲಿ ಒಂದು ಅನುಕೂಲ ತಾನಾಗಿ ಕೂಡಿಬರುತ್ತದೆ. ಎನ್‌ಚೆಕ್ ಹೇಳುವ ಪಾತ್ ಮೌಂಟ್ ಜಾಗದಿಂದಲ್ಲ, ಆ ಫೈಲ್ ಸಿಸ್ಟಮಿನ ಬೇರಿನಿಂದ ಶುರುವಾಗುತ್ತದೆ. ಎಕ್ಸ್‌ಕ್ಲೂಡ್ ಪಟ್ಟಿಯಲ್ಲೂ ಮೊದಲಿಗೆ ಓರೆಗೆರೆ ಇದ್ದರೆ ಪ್ರತಿ ಮಾಡುತ್ತಿರುವ ಡೈರೆಕ್ಟರಿಯ ಬೇರು ಅಂತಲೇ ಅರ್ಥ. ಹೆಸರುಗಳನ್ನು ಹಾಗೇ ಕೊಡಬಹುದು. ಹೆಸರಿನಲ್ಲಿ ನಕ್ಷತ್ರ ಚಿಹ್ನೆಯೋ ಪ್ರಶ್ನೆ ಚಿಹ್ನೆಯೋ ಚೌಕ ಆವರಣವೋ ಇದ್ದರೆ ಮಾತ್ರ ಅದನ್ನು ವಿನ್ಯಾಸವೆಂದು ತಿಳಿಯುತ್ತದೆ, ಒಮ್ಮೆ ಕಣ್ಣಾಡಿಸಿ. ಹೀಗೆ ಬಿಟ್ಟುಬಿಟ್ಟರೆ ಕೆಟ್ಟ ಸೆಕ್ಟರನ್ನು 31 ಸಲ ಕೆದಕುವುದು ತಪ್ಪುತ್ತದೆ.

ಆಮೇಲೆ ಮೂಲದಿಂದ ಫೈಲನ್ನು ಹೊಸ ಡಿಸ್ಕಿಗೆ ಸಿಪಿ -ಪಿ ಕೊಟ್ಟು ಒಂದು ಸಲ ತನ್ನಿ. ಉಳಿದ 30 ಹೆಸರಿಗೆ ಎಲ್‌ಎನ್, ಹಾರ್ಡ್ ಲಿಂಕ್.

ಬಿಳಿಹಾಳೆ

-ಎಎಚ್‌ನಲ್ಲಿ ಎಚ್ ಮರೆತರೆ ಪ್ರತಿ ಹಾರ್ಡ್ ಲಿಂಕೂ ಬೇರೆ ಫೈಲಾಗಿ ಇಳಿದು ಹೊಸ ಡಿಸ್ಕ್ ಅರ್ಧದಲ್ಲೇ ತುಂಬುತ್ತದೆ. ಹೆಸರುಗಳ ಸಂಖ್ಯೆ ಹೆಚ್ಚಿದ್ದಷ್ಟೂ ಎಚ್‌ಗೆ ಮೆಮೊರಿ ಬೇಕು, ತಾಳ್ಮೆಯೂ ಬೇಕು.

ಹೊಸಪುಟ

ನಡುವೆ ಒಂದು ಪ್ರಶ್ನೆ. ನನ್ನ ಡಿಸ್ಕಿನಲ್ಲಿ ಐಚೆಕ್ ಕೊಟ್ಟರೆ "ಬ್ಲಾಕ್ ನಾಟ್ ಫೌಂಡ್" ಎನ್ನುತ್ತದೆ. ಇನ್ನೊಂದು ಬ್ಲಾಕಿಗೆ ಐನೋಡ್ 8 ಅಂತ ಬಂತು, ಅದಕ್ಕೆ ಎನ್‌ಚೆಕ್ ಏನೂ ಹೇಳುತ್ತಿಲ್ಲ. ಇವಕ್ಕೆ ಹೆಸರು ಹೇಗೆ ತೆಗೆಯುವುದು?

ಬೇರುಬಳ್ಳಿ

ಎರಡಕ್ಕೂ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. 8 ಅಂದರೆ ಜರ್ನಲ್, ಬದಲಾವಣೆಗಳನ್ನು ಮೊದಲು ಬರೆದಿಡುವ ಜಾಗ. ಇಎಕ್ಸ್‌ಟಿ4 ಮೊದಲ ಕೆಲವು ನಂಬರುಗಳನ್ನು ತನಗಾಗಿ ಇಟ್ಟುಕೊಂಡಿದೆ: 1 ಕೆಟ್ಟ ಬ್ಲಾಕುಗಳ ಪಟ್ಟಿ, 2 ಬೇರು ಡೈರೆಕ್ಟರಿ, 7 ಗಾತ್ರ ಹಿಗ್ಗಿಸಲು ಕಾದಿರಿಸಿದ್ದು, 8 ಜರ್ನಲ್. ಸಾಮಾನ್ಯವಾಗಿ 11 ಲಾಸ್ಟ್+ಫೌಂಡ್. ಜರ್ನಲ್ ಇರುವ ಬ್ಲಾಕೇ ಕೆಟ್ಟಿದ್ದರೆ ತಡಮಾಡದೆ ಡೇಟಾ ಹೊರಗೆ ತೆಗೆಯಿರಿ.

"ನಾಟ್ ಫೌಂಡ್" ಬಂದ ಬ್ಲಾಕಿಗೆ ಡೀಬಗ್‌ಎಫ್‌ಎಸ್‌ನಲ್ಲೇ ಟೆಸ್ಟ್‌ಬಿ ಕೊಟ್ಟು ನೋಡಿ. ಬಳಕೆಯಲ್ಲಿಲ್ಲ ಅಂದರೆ ಅಲ್ಲಿ ಯಾರ ಡೇಟಾವೂ ಇಲ್ಲ. ಬಳಕೆಯಲ್ಲಿದೆ, ಆದರೂ ಐನೋಡ್ ಸಿಗುತ್ತಿಲ್ಲ ಅಂದರೆ ಅದು ಬಿಟ್‌ಮ್ಯಾಪೋ ಐನೋಡ್ ಟೇಬಲ್ಲೋ ಆಗಿರುವ ಸಾಧ್ಯತೆ ಹೆಚ್ಚು. ಎಲ್‌ವಿಎಂ (ಡಿಸ್ಕಿನ ಜಾಗವನ್ನು ತುಂಡುಮಾಡಿ ಹಂಚುವ ವ್ಯವಸ್ಥೆ) ಬಳಸುತ್ತಿದ್ದರೆ ಮೊದಲು ಲೆಕ್ಕವನ್ನೇ ಮತ್ತೆ ನೋಡಿ. ಅಲ್ಲಿ ಪಾರ್ಟಿಷನ್ ಶುರು ಕಳೆದರೆ ಸಾಲದು, ಎಕ್ಸ್‌ಟೆಂಟ್ ಎಂಬ ಆ ತುಂಡುಗಳು ಡಿಸ್ಕಿನ ಎಲ್ಲೆಲ್ಲಿ ಕೂತಿವೆ ಎಂದೂ ನೋಡಬೇಕು.

ಹೆಸರು ಹೋಗಿರುವ ಐನೋಡಿಗೆ ಊಹೆಯ ದಾರಿಯೂ ಒಂದಿದೆ. ಇಎಕ್ಸ್‌ಟಿ4 ಡಿಸ್ಕನ್ನು ಗುಂಪುಗಳಾಗಿ ಹಂಚಿಕೊಂಡು, ಹೊಸ ಫೈಲಿಗೆ ಆದಷ್ಟೂ ತಾಯಿ ಡೈರೆಕ್ಟರಿಯ ಗುಂಪಿನಲ್ಲೇ ಐನೋಡ್ ಕೊಡುತ್ತದೆ. ಮರಳಿಗೂಡು ಅವರ ನಂಬರನ್ನೇ ತೆಗೆದುಕೊಳ್ಳಿ. ಗುಂಪಿಗೆ 8192 ಐನೋಡ್ ಇದ್ದರೆ, 2752614ರಿಂದ 1 ಕಳೆದು ಭಾಗಿಸಿ: 336ನೇ ಗುಂಪು, ಉಳಿಕೆ 101. ಆ ಗುಂಪು ಶುರುವಾಗುವುದು 2752513ರಿಂದ. ಆಚೀಚೆಯ ಹತ್ತಿಪ್ಪತ್ತು ನಂಬರುಗಳನ್ನು ಎನ್‌ಚೆಕ್‌ಗೆ ಒಟ್ಟಿಗೆ ಕೊಟ್ಟರೆ, ಅವೆಲ್ಲ ಒಂದೇ ಡೈರೆಕ್ಟರಿಯವಾದರೆ, ಹೆಸರಿಲ್ಲದ್ದೂ ಅಲ್ಲಿಯದೇ ಇರಬಹುದು ಎಂದು ಹುಡುಕಾಟ ಶುರುಮಾಡಬಹುದು. ಸಾಕ್ಷ್ಯವಲ್ಲ, ಸುಳಿವು.

ಮರಳಿಗೂಡು

ಮುಗಿಯಿತು. ತೆರೆದಕಣ್ಣು ಅವರು ಹೇಳಿದ ಕ್ರಮದಲ್ಲೇ ಮಾಡಿದೆ. ಆರ್‌ಸಿಂಕ್ ಎರರ್ ಇಲ್ಲದೆ ನಿಂತಿತು, ಅಂದರೆ ಕೆಟ್ಟದ್ದು ಆ ಒಂದೇ ಫೈಲ್. ಮೂಲದಿಂದ ತಂದು, ಪಟ್ಟಿ ನೋಡಿಕೊಂಡು ಲಿಂಕ್ ಮಾಡಿದೆ. ಹೊಸ ಡಿಸ್ಕಿನಲ್ಲಿ ಸ್ಟ್ಯಾಟ್ ಕೊಟ್ಟರೆ ಐನೋಡ್ ನಂಬರ್ ಬೇರೆ, ಲಿಂಕ್ 31. ಮೂಲದ್ದಕ್ಕೂ ಇದಕ್ಕೂ ಎಸ್‌ಎಚ್‌ಎ256 ಒಂದೇ ಬಂತು.

ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇನೆ. ತಿಂಗಳ ಮೊದಲ ದಿನ ಲಿಂಕ್-ಡೆಸ್ಟ್ ಇಲ್ಲದೆ ಪೂರ್ತಿ ಪ್ರತಿ, ಅದೂ ಎರಡನೇ ಡಿಸ್ಕಿಗೆ. ಹಳೆಯ ಡಿಸ್ಕನ್ನು ಇ2ಎಫ್‌ಎಸ್‌ಸಿಕೆ -ಸಿ ಹಾಕಿ, ಕೆಟ್ಟ ಬ್ಲಾಕುಗಳನ್ನು 1ನೇ ಐನೋಡಿಗೆ ಸೇರಿಸಿ ಮುಂದುವರಿಸಬಹುದೇ, ಅಥವಾ ಬಿಡುವುದೇ ಒಳ್ಳೆಯದೇ?

ತೆರೆದಕಣ್ಣು

ಬ್ಯಾಕಪ್ಪಿಗೆ ಬಿಡಿ. ಕಳೆದುಹೋದರೂ ಪರವಾಗಿಲ್ಲ ಅನ್ನುವ ಕೆಲಸಕ್ಕೆ ಬೇಕಿದ್ದರೆ -ಸಿ ಹಾಕಿ ಇಟ್ಟುಕೊಳ್ಳಿ. ಸ್ಮಾರ್ಟ್‌ನಲ್ಲಿ (ಡಿಸ್ಕ್ ತಾನೇ ಕೊಡುವ ಆರೋಗ್ಯ ವರದಿ) ಪೆಂಡಿಂಗ್ ಸೆಕ್ಟರ್ ಎಣಿಕೆ ಏರುತ್ತಾ ಹೋದರೆ ಅದಕ್ಕೂ ಬೇಡ.